ತೊಟ್ಟಿಲ ಕಾಲುಪಟ್ಟಿ

ಆ ಮಾತನ್ನು ತೊಖ್ತಾಬಿಬಿಗೆ ತಂದು ಮುಟ್ಟಿಸಿದವಳು ಪಕ್ಕದ ಮನೆಯ ಬಸೋರತ್. ನವ್ರೋಜ್ ಹಬ್ಬ ಕಳೆದಿತ್ತು. ಏಪ್ರಿಕಾಟ್ ಮರದ ಹೂವು ಉದುರಿ ಅಂಗಳವೆಲ್ಲ ಬೆಳ್ಳಗಾಗಿತ್ತು. ತೊಖ್ತಾಬಿಬಿ ತೋಳಿಗೆ ದಪ್ಪ ಬಟ್ಟೆ ಸುತ್ತಿಕೊಂಡು ತಂದೂರಿ ಒಲೆಯ ಬಾಯಿಗೆ ಬಗ್ಗಿ ರೊಟ್ಟಿ ಬಡಿಯುತ್ತಿದ್ದಳು.

“ನಿನ್ನ ಸೊಸೆ ನಿನ್ನೆ ಗಪ್‌ನಲ್ಲಿ ಏನು ಹೇಳಿದಳು ಗೊತ್ತೇನೇ?”

ಗಪ್ ಅಂದರೆ ಮಾತು. ಮಾರ್ಗಿಲಾನ್ ಪಟ್ಟಣದ ಆ ಓಣಿಯ ಹೆಂಗಸರು ತಿಂಗಳಿಗೊಮ್ಮೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರಿ, ಉಂಡು, ಮಾತಾಡಿ ಏಳುವ ಕೂಟಕ್ಕೂ ಅದೇ ಹೆಸರು. ಹಳಬರ ಕೂಟದಲ್ಲಿ ಊರ ಸುದ್ದಿ ನಡೆಯುತ್ತಿತ್ತು. ಎಳೆಯ ಸೊಸೆಯಂದಿರು ತಮ್ಮದಕ್ಕೊಂದು ಹೊಸ ಕಟ್ಟಳೆ ಮಾಡಿಕೊಂಡಿದ್ದರು. ಬಂದವಳು ತಾನು ಓದಿದ್ದೋ, ಕಂಡುಕೊಂಡದ್ದೋ, ಬದುಕಿಗೆ ಬರುವಂಥ ಒಂದು ಮಾತು ಹೇಳಲೇಬೇಕು. ಹೇಳದವಳು ಎಲ್ಲರ ಪಾತ್ರೆ ತೊಳೆಯಬೇಕು. ಒಬ್ಬಳು ಕುರಿಕೊಬ್ಬಿನ ಕಲೆ ತೆಗೆಯುವ ಬಗೆ ಹೇಳಿದರೆ, ಇನ್ನೊಬ್ಬಳು ಗಂಡ ಸಿಟ್ಟಾದಾಗ ಉತ್ತರ ಕೊಡುವ ಮೊದಲು ಅವನಿಗೆ ಚಹಾ ಬಗ್ಗಿಸಬೇಕು ಎಂದು ಎಲ್ಲೋ ಓದಿದ್ದನ್ನು ಹೇಳುತ್ತಿದ್ದಳು. ತೊಖ್ತಾಬಿಬಿಯ ಸೊಸೆ ದಿಲ್‌ರಬೊ ಅಲ್ಲಿ ಒಮ್ಮೆಯೂ ಪಾತ್ರೆ ತೊಳೆದವಳಲ್ಲ.

“ಏನು ಹೇಳಿರ್ತಾಳೆ? ಪುಸ್ತಕದ ಬದನೇಕಾಯಿ” ಅಂದಳು ತೊಖ್ತಾಬಿಬಿ.

“ಬದನೇಕಾಯಲ್ಲ ಕಣೇ, ನಿನ್ನ ಕೈ. ತೊಟ್ಟಿಲಲ್ಲಿ ನೀನು ಪಟ್ಟಿ ಹಾಕಿ ಮಗೂನ ಕಾಲು ನೆಟ್ಟಗೆ ಎಳೆದು ಬಿಗೀತೀಯಲ್ಲ, ಹಾಗೆ ಬಿಗಿದ್ರೆ ಸೊಂಟದ ಕೀಲು ಜಾರುತ್ತಂತೆ. ಬೆಳೆದ ಮೇಲೆ ಕುಂಟ್ತವಂತೆ.”

ತೊಖ್ತಾಬಿಬಿಯ ಕೈಯಲ್ಲಿದ್ದ ಹಸಿ ರೊಟ್ಟಿ ಗೋಡೆಗೆ ಅಂಟಲಿಲ್ಲ, ಜಾರಿ ಕೆಂಡದೊಳಗೆ ಬಿತ್ತು. ರೊಟ್ಟಿಯನ್ನು ಬೋರಲಾಗಿಟ್ಟರೇ ಹಿರಿಯರು ಬೈಯುವ ಊರು ಅದು. ಇಬ್ಬರೂ ಬಾಯಿಗೆ ಕೈ ಅಡ್ಡವಿಟ್ಟುಕೊಂಡು, ಅದು ಕಪ್ಪಾಗಿ ಹೊಗೆಯಾಡುವುದನ್ನು ನೋಡುತ್ತ ನಿಂತರು.

ಆಮೇಲೆ ತೊಖ್ತಾಬಿಬಿ ನಿಧಾನವಾಗಿ ತೋಳಿನ ಬಟ್ಟೆ ಬಿಚ್ಚಿದಳು. “ಕುಂಟೋ ಮಾತು ಯಾರು ಬೇಕಾದ್ರೂ ಆಡ್ಲಿ, ಬಸೋರತ್. ನೀನು ಆಡ್ಬೇಡ.”

ಬಸೋರತಳ ಮುಖ ಸಣ್ಣದಾಯಿತು. ಹಿಂದೆ ಒಂದು ಮದುವೆಮನೆಯಲ್ಲಿ, ಹೊಸ ಮದುವಣಗಿತ್ತಿಯಾಗಿದ್ದ ಬಸೋರತ್ ತೊಖ್ತಾಬಿಬಿಯ ಚೊಚ್ಚಲು ಕೂಸು ಸಲೋಮತಳನ್ನು ಎತ್ತಿಕೊಂಡು ಕುಣಿದಿದ್ದಳು. ಕಾಲುವೆಯ ಅಂಚಿನಲ್ಲಿ ಕಾಲು ಜಾರಿ, ಮಗುವಿನೊಂದಿಗೆ ಕೂತುಬಿಟ್ಟಿದ್ದಳು. ತೊಖ್ತಾಬಿಬಿ ಎಲ್ಲರೆದುರು ಅವಳನ್ನು ಬೈದಳು. ಮಗು ಅತ್ತಿತು, ಸುಮ್ಮನಾಯಿತು. ಕೆಲವು ತಿಂಗಳಾದ ಮೇಲೆ ನಡೆಯಲು ಕಲಿತಾಗ ಕುಂಟುತ್ತ ನಡೆಯಿತು. ಅಂದಿನಿಂದ ಬಸೋರತ್ ಆ ಮನೆಗೆ ಬರಿಗೈಲಿ ಬಂದವಳಲ್ಲ. ವರ್ಷದ ಮೊದಲ ಹಿಪ್ಪುನೇರಳೆ ಹಣ್ಣು ಸಲೋಮತಳಿಗೆ, ಈದ್ ಹಬ್ಬದ ಮೊದಲ ತಟ್ಟೆ ಸಲೋಮತಳಿಗೆ. ತೊಖ್ತಾಬಿಬಿ ಏನೇ ಅಂದರೂ ಅವಳು ಎದುರಾಡುತ್ತಿರಲಿಲ್ಲ. ಇವತ್ತೂ ಆಡಲಿಲ್ಲ. ತಂದಿದ್ದ ಕೆನೆಯ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದಳು.

ಸಂಜೆ ದ್ರಾಕ್ಷಿ ಚಪ್ಪರದ ಕೆಳಗಿನ ಅಗಲವಾದ ಮಂಚದ ಮೇಲೆ ಎಲ್ಲರೂ ಊಟಕ್ಕೆ ಕೂತರು. ಮಸ್ತಾವಾ ಎಂಬ ಅಕ್ಕಿ-ಮಾಂಸದ ಸಾರು, ಬೆಳಗಿನ ರೊಟ್ಟಿ, ಮೂಲಂಗಿ. ಮಗ ಅಬ್ರೋರ್ ರೇಷ್ಮೆಗೆ ಬಣ್ಣ ಹಾಕುವ ಅಂಗಳದಲ್ಲಿ ದುಡಿಯುವವನು. ಎಷ್ಟು ತಿಕ್ಕಿ ತೊಳೆದರೂ ಮೊಣಕೈವರೆಗಿನ ನೀಲಿ ಹೋಗುತ್ತಿರಲಿಲ್ಲ. ಆ ನೀಲಿ ಕೈಯಿಂದ ರೊಟ್ಟಿ ಮುರಿದು ಮೊದಲ ತುಂಡನ್ನು ತಾಯಿಯ ಮುಂದಿಟ್ಟ. ತೊಖ್ತಾಬಿಬಿ ಮುಟ್ಟಲಿಲ್ಲ.

“ಅಬ್ರೋರ್, ನನ್ನ ಕೈಗೆ ಏನು ರೋಗ ಬಂದಿದೆ ಅಂತ ನಿನ್ನ ಹೆಂಡ್ತೀನ ಕೇಳು.”

“ಏನಾಯ್ತಮ್ಮಾ?”

“ನಾನು ಮಕ್ಕಳನ್ನ ಕುಂಟು ಮಾಡ್ತೀನಂತೆ.”

ಎಲ್ಲರ ಚಮಚವೂ ನಿಂತಿತು. ಯಾರೂ ಸಲೋಮತಳ ಕಡೆ ನೋಡಲಿಲ್ಲ. ನೋಡಬಾರದೆಂದು ಎಲ್ಲರೂ ಪಟ್ಟ ಕಷ್ಟ ಮಾತ್ರ ಎದ್ದು ಕಾಣುತ್ತಿತ್ತು. ಸಲೋಮತ್ ಮಂಚದ ತುದಿಯಲ್ಲಿ, ಯಾವಾಗಲೂ ಕೂರುವಲ್ಲೇ, ಒಂದು ಕಾಲು ಮಡಿಸಿ ಒಂದು ಕಾಲು ಚಾಚಿ ಕೂತಿದ್ದಳು. ಅವಳಿಗೀಗ ಕಿವಿಯ ಬಳಿ ಬೆಳ್ಳಿಕೂದಲು. ಓಣಿಯ ಮದುವೆಗಳಿಗೆಲ್ಲ ಹತ್ತಿಯ ಹಾಸಿಗೆ, ರಜಾಯಿ ಹೊಲಿದುಕೊಡುವವಳು ಅವಳೇ. ಅವಳನ್ನೂ ಹೆಣ್ಣು ನೋಡಲು ಹಿಂದೆ ಎರಡು ಮನೆಯವರು ಬಂದಿದ್ದರು. ಅವಳು ಅಂಗಳ ದಾಟಿ ಚಹಾ ತರುವುದನ್ನು ಕಂಡು, ಬಗ್ಗಿಸಿದ ಚಹಾ ಹಾಗೇ ಬಿಟ್ಟು ಎದ್ದುಹೋಗಿದ್ದರು.

“ಅಮ್ಮಾ, ನಾನು ನಿಮ್ಮ ಹೆಸರೇ ಎತ್ತಲಿಲ್ಲ” ಅಂದಳು ದಿಲ್‌ರಬೊ. “ಸಂತೇಲಿ ಕೊಂಡ ಹಳೇ ಪುಸ್ತಕದಲ್ಲಿದ್ದದ್ದನ್ನ ಹೇಳ್ದೆ.”

“ಈ ಓಣೀಲಿ ಕೂಸನ್ನ ಮೊದಲ ಸಲ ತೊಟ್ಟಿಲಿಗೆ ಕಟ್ಟೋಳು ಇನ್ಯಾರಿದಾರಮ್ಮ? ಹೆಸರು ಎತ್ತದೇ ಇದ್ರೇನು, ಬೆರಳು ತೋರಿಸಿದ ಹಾಗೇ ತಾನೆ?”

ಅಬ್ರೋರ್ ಹೆಂಡತಿಯ ಕಡೆ ತಿರುಗಿದ. “ಓದ್ಬೇಡ ಅಂತ ನಾನು ಯಾವತ್ತಾದ್ರೂ ಅಂದಿದೀನಾ? ಓದಿದ್ದನ್ನ ಮನೆಮನೆಗೂ ಬಟ್ಟಲಲ್ಲಿ ಹಾಕಿ ಹಂಚೋಕೆ ಅದೇನು ನವ್ರೋಜ್ ಹಬ್ಬದ ಸುಮಲಾಕ್ ಪಾಯಸಾನಾ?”

“ಹಂಚದೇ ಇದ್ರೆ ಓದಿ ಏನು ಬಂತು?”

“ನೋಡಿದ್ಯಾ, ನೋಡಿದ್ಯಾ ಬಾಯಿ!” ತೊಖ್ತಾಬಿಬಿ ನೆಲದ ಕಡೆ ಮುಖ ಮಾಡಿ ಹೇಳಿದಳು. “ನಮ್ಮಮ್ಮ ನನಗಿಂತ ಮುಂಚೆ ಹೆತ್ತ ಕೂಸುಗಳೆಲ್ಲ ಹೋದವು. ಒಂದೂ ಉಳೀಲಿಲ್ಲ. ನಾನು ಹುಟ್ಟಿದಾಗ ಒಬ್ಬ ಮುದುಕಿ ಬಂದು ಅಂದಳಂತೆ, ಸಾವು ಹಿಡಿದು ಎಳೆದರೂ ಬಿಚ್ಚಬಾರದು, ಹಾಗೆ ಬಿಗಿ ಅಂತ. ಬಿಗಿದಳು. ನಾನು ನಿಂತೆ. ನಿಂತೋಳು ಅಂತಾನೇ ತೊಖ್ತಾ ಅಂತ ಹೆಸರಿಟ್ರು. ನಾನು ಕಟ್ಟಿದ ಕೂಸು ಉಳಿಯುತ್ತೆ, ಇದನ್ನ ಓಣೀಲಿ ಯಾರನ್ನ ಬೇಕಾದ್ರೂ ಕೇಳು. ನಿನ್ನ ಪುಸ್ತಕ ಬರೆದೋನು ಎಷ್ಟು ಕೂಸು ಕಟ್ಟಿದಾನೆ?”

ದಿಲ್‌ರಬೊ ತನ್ನ ಬಟ್ಟಲಿನ ಕಡೆ ಬಗ್ಗಿದಳು.

“ಮಸ್ತಾವಾ ಆರ್ತಿದೆ” ಅಂದಳು ಸಲೋಮತ್. “ಕೊಬ್ಬು ಗಟ್ಟಿಯಾದ್ರೆ ಬಾಯಿಗಿಡೋಕಾಗಲ್ಲ. ಮೊದ್ಲು ಉಣ್ಣಿ, ಆಮೇಲೆ ಜಗಳ ಆಡಿ.”

ದಿಲ್‌ರಬೊಳ ಚೊಚ್ಚಲು ಹೆಣ್ಣುಕೂಸು ಓಯ್ದಿನ್ ಚಳಿಗಾಲದಲ್ಲಿ ಹುಟ್ಟಿದ್ದು. ದಿಲ್‌ರಬೊಳ ತವರಿನವರು ಬಣ್ಣದ ಹೊಸ ತೊಟ್ಟಿಲು ತಂದಿದ್ದರು. ಕೂಸು ಅಲುಗದಂತೆ ತೊಟ್ಟಿಲಿಗೆ ಕಟ್ಟುವ ಪಟ್ಟಿಗಳು ಮಾತ್ರ ತೊಖ್ತಾಬಿಬಿಯವು. ಕೈಗೊಂದು, ಕಾಲಿಗೊಂದು, ಒಳಗೆ ಹತ್ತಿ ತುಂಬಿದ ಕೆಂಪು ಮಖಮಲ್ಲಿನವು. ಸಲೋಮತ್, ಅಬ್ರೋರ್ ಇಬ್ಬರೂ ಅವುಗಳಲ್ಲೇ ಬೆಳೆದದ್ದು. ಓಣಿಯ ಯಾರ ಮನೆಗೆ ಕರೆದರೂ ತೊಖ್ತಾಬಿಬಿ ಆ ಪಟ್ಟಿಗಳನ್ನು ಮಡಿಸಿ ಎದೆಗವಚಿಕೊಂಡು ಹೋಗುತ್ತಿದ್ದಳು. ಮೊದಲ ಕಟ್ಟು ಅವುಗಳಿಂದಲೇ ಆಗಬೇಕು.

ಆ ಜಗಳದ ಮೇಲೆ ಮನೆಯಲ್ಲಿ ಮಾತು ಅಳೆದು ಸುರಿದ ಹಾಗಾಯಿತು. ದಿಲ್‌ರಬೊ ಬೆಳಕು ಹರಿಯುವ ಮುಂಚೆ ಎದ್ದು ಬಾಗಿಲ ಮುಂದೆ ನೀರು ಚಿಮುಕಿಸಿ ಗುಡಿಸುತ್ತಿದ್ದಳು, ಹಸು ಕರೆಯುತ್ತಿದ್ದಳು, ಅತ್ತೆಗೆ ಎದೆಯ ಮೇಲೆ ಕೈಯಿಟ್ಟು ಬಗ್ಗಿ ಸಲಾಮು ಹೇಳುತ್ತಿದ್ದಳು. ಒಂದರಲ್ಲೂ ಕೊರತೆಯಿಲ್ಲ. ಅಲ್ಲಿಯ ಮರ್ಯಾದೆಯಂತೆ ಚಹಾ ಬಟ್ಟಲಿಗೆ ಅರ್ಧವೇ ಬಗ್ಗಿಸಿ ಕೊಡುತ್ತಿದ್ದಳು. ತೊಖ್ತಾಬಿಬಿಯೂ ಕುಡಿಯುತ್ತಿದ್ದಳು. ನಗು ಮಾತ್ರ ಇರಲಿಲ್ಲ. ಓಣಿಯ ಎಳೆಯ ಸೊಸೆಯಂದಿರು ದಾರಿಯಲ್ಲಿ ಸಿಕ್ಕರೆ ಸಲಾಮು ಹೇಳಿ ತನ್ನ ಕೈ ನೋಡುತ್ತಾರೆ ಎಂದು ತೊಖ್ತಾಬಿಬಿಗೆ ಅನಿಸತೊಡಗಿತು.

ಒಂದು ದಿನ ಅವಳು ಸಂತೆಯಿಂದ ಬೇಗ ಬಂದಳು. ಪಾಲಕ್ ಸೊಪ್ಪಿನ ಗಂಟು ಕಂಕುಳಲ್ಲಿತ್ತು. ಅಂಗಳದ ಬಿಸಿಲಲ್ಲಿ ತೊಟ್ಟಿಲು. ಕೈಪಟ್ಟಿ ಕಟ್ಟಿದೆ, ಕಾಲುಪಟ್ಟಿ ಬಿಚ್ಚಿ ಪಕ್ಕಕ್ಕೆ ತೂಗುಬಿದ್ದಿದೆ. ಕೂಸು ಗಾಳಿಯಲ್ಲಿ ಒದೆಯುತ್ತಿದೆ.

“ಅಯ್ಯೋ ಕಳ್ಳೀ! ನನ್ನ ಬೆನ್ನಿಗೆ ಹೀಗಾ ಮಾಡೋದು ನೀನು?”

ದಿಲ್‌ರಬೊ ಹಿಟ್ಟಿನ ಕೈಯಲ್ಲೇ ಓಡಿಬಂದಳು. “ದಿನಾ ಬಿಚ್ತೀನಮ್ಮಾ. ಸುಳ್ಳು ಹೇಳಲ್ಲ. ನೀವು ಆಚೆ ಹೋದಾಗೆಲ್ಲ ಬಿಚ್ತೀನಿ.”

“ಬಾಯಿಬಿಟ್ಟು ಹೇಳ್ತೀಯಲ್ಲ, ನಾಚಿಕೆ ಬೇಡ್ವಾ?”

“ಬೈಯಿರಿ. ಎಷ್ಟು ಬೇಕಾದ್ರೂ ಬೈಯಿರಿ. ಆದ್ರೆ ಒಂದ್ಸಲ ನೋಡಿ.” ದಿಲ್‌ರಬೊ ಕೂಸಿನ ಬಟ್ಟೆ ಸರಿಸಿದಳು. “ಬಲತೊಡೇಲಿ ಮಡಿಕೆ ಎಲ್ಲಿದೆ, ಎಡತೊಡೇಲಿ ಎಲ್ಲಿದೆ? ನನ್ನ ಕಣ್ಣಿಗೇ ಹಾಗೆ ಕಾಣ್ತಿದೆಯೋ ಏನೋ. ಎಷ್ಟು ದಿನದಿಂದ ಒಬ್ಳೇ ನೋಡ್ತಿದೀನಿ. ನಿಮಗಿಂತ ಜಾಸ್ತಿ ಕೂಸುಗಳನ್ನ ಮುಟ್ಟಿದ ಕೈ ಈ ಊರಲ್ಲಿ ಯಾವುದಿದೆ? ನೀವೇ ನೋಡಿ.”

ನೋಡಬಾರದು ಅಂದುಕೊಂಡೇ ತೊಖ್ತಾಬಿಬಿ ಬಗ್ಗಿದಳು. ಸೊಸೆಯ ಮಾತು ಸುಳ್ಳು ಮಾಡುವುದಕ್ಕೇ ಕೂಸಿನ ಎರಡು ಮಂಡಿ ಹಿಡಿದು ಮಡಿಸಿ ಅಗಲಿಸಿದಳು. ಬಲಗಾಲು ಸಲೀಸಾಗಿ ಹಾಸಿಗೆ ಮುಟ್ಟಿತು. ಎಡಗಾಲು ಅರ್ಧದಲ್ಲಿ ನಿಂತಿತು. ಅವಳ ಹೆಬ್ಬೆರಳ ಕೆಳಗೆ ಏನೋ ಸಣ್ಣಗೆ ಕದಲಿತು, ಬೀಗದೊಳಗೆ ಕೀಲಿ ತಪ್ಪಿದ ಹಾಗೆ.

ತೊಖ್ತಾಬಿಬಿ ಕೈ ಹಿಂದೆ ತೆಗೆದಳು, ಸುಟ್ಟವಳಂತೆ.

ಮಡಿಕೆಯನ್ನು ಕಣ್ಣು ನೋಡಿತು ಅಷ್ಟೆ. ಆದರೆ ಆ ಅರ್ಧದಲ್ಲಿ ನಿಲ್ಲುವುದನ್ನು ಅವಳ ಕೈ ಗುರುತಿಸಿತು. ಇದೇ ಅಂಗಳ, ಇದೇ ಬಿಸಿಲು. ಹರೆಯದ ತೊಖ್ತಾಬಿಬಿ ಚೊಚ್ಚಲು ಕೂಸಿನ ಬಟ್ಟೆ ಬದಲಾಯಿಸುತ್ತಿದ್ದಾಗ ಒಂದು ಕಾಲು ಹೀಗೇ ಅಡ್ಡಿ ಮಾಡುತ್ತಿತ್ತು. ಹಟಮಾರಿ ಕಾಲು ಅಂತ ನಕ್ಕಿದ್ದಳು. ಇನ್ನಷ್ಟು ಎಳೆದು ಬಿಗಿದಿದ್ದಳು. ಅದು ಬಸೋರತ್ ಜಾರಿ ಬೀಳುವುದಕ್ಕೆ ಎಷ್ಟೋ ಮುಂಚೆ.

“ಅಮ್ಮಾ?” ಅಂದಳು ದಿಲ್‌ರಬೊ. “ಏನಾದ್ರೂ ಹೇಳಿ.”

“ಸೊಪ್ಪು ಬಾಡ್ತಿದೆ, ನೀರಿಗೆ ಹಾಕು” ಅಂದಳು ತೊಖ್ತಾಬಿಬಿ. ಬಾಗಿಲವರೆಗೆ ಹೋಗಿ ಚೌಕಟ್ಟು ಹಿಡಿದು ನಿಂತಳು. “ನಾಳೆ ಆಸ್ಪತ್ರೆಗೆ ಹೋಗೋಣ.”

ಸಲೋಮತ್ ಜೊತೆಗೆ ಬಂದಳು, ಯಾಕೆಂದರೆ ಓಯ್ದಿನ್ ನಿದ್ದೆ ಹೋಗುತ್ತಿದ್ದದ್ದು ಅವಳ ಹೆಗಲ ಮೇಲೆ ಮಾತ್ರ. ಫರ್ಗಾನಾ ಪಟ್ಟಣದ ದೊಡ್ಡ ಆಸ್ಪತ್ರೆಯ ಉದ್ದ ಪಡಸಾಲೆಯಲ್ಲಿ ಅವಳು ಕೂಸನ್ನು ತೂಗುತ್ತ, ಬೀಳುತ್ತ ಏಳುತ್ತ ನಡೆಯುತ್ತಿದ್ದಳು. ಡಾಕ್ಟರು ಎಳೆಯ ಹೆಣ್ಣುಮಗಳು. ಕೂಸಿನ ಸೊಂಟದ ಎಕ್ಸ್‌ರೇ ಚಿತ್ರ ತೆಗೆಸಿ ನೋಡಿದಳು.

“ಎಡಗಡೆ ಕೀಲು ಗೂಡಿಂದ ಜಾರಿದೆ. ಗಾಬರಿ ಬೇಡ, ಸರಿಯಾದ ಹೊತ್ತಿಗೆ ತಂದಿದೀರಿ. ಕಾಲನ್ನ ಕಪ್ಪೆ ಹಾಗೆ ಅಗಲಿಸಿ ಹಿಡಿಯೋ ಒಂದು ಪಟ್ಟಿ ಹಾಕ್ತೀವಿ. ಕೆಲವು ತಿಂಗಳು ಬಿಚ್ಚಬಾರದು. ನಡೀತಾಳೆ, ಓಡ್ತಾಳೆ, ಮದುವೇಲಿ ಕುಣೀತಾಳೆ.”

ದಿಲ್‌ರಬೊ ಅಲ್ಲೇ ಗೋಡೆಗೆ ಒರಗಿ ಅತ್ತಳು.

“ಯಾರು ಮೊದಲು ನೋಡಿದ್ದು?”

“ನಾನು. ಪುಸ್ತಕದಲ್ಲಿ ಓದಿದ್ದೆ.”

“ನಾಲ್ಕು ಜನಕ್ಕೆ ಹೇಳಮ್ಮ ಅದನ್ನ” ಅಂದಳು ಡಾಕ್ಟರು. ತೊಖ್ತಾಬಿಬಿ ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಂಡಳು.

“ತೊಟ್ಟಿಲಿಂದಲೇ ಆಗಿದ್ದಾ, ಡಾಕ್ಟ್ರಮ್ಮ?” ಎಂದು ಕೇಳಿದಳು. ಕೇಳಲೇಬೇಕಿತ್ತು.

“ತೊಟ್ಟಿಲೊಂದರಿಂದಲೇ ಅಲ್ಲಜ್ಜೀ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಕೀಲು ಸಡಿಲ ಇರುತ್ತೆ. ಹೆಣ್ಣುಮಕ್ಕಳಿಗೆ ಜಾಸ್ತಿ, ಚೊಚ್ಚಲಿಗೆ ಜಾಸ್ತಿ, ಮನೆತನದಲ್ಲೂ ಬರುತ್ತೆ. ಸುಮ್ಮನೆ ಬಿಟ್ರೆ ಎಷ್ಟೋ ಸಲ ತಾನೇ ಗೂಡಲ್ಲಿ ಕೂತ್ಕೊಳ್ಳುತ್ತೆ. ನೆಟ್ಟಗೆ ಎಳೆದು ಬಿಗಿದ್ರೆ ಆಚೆ ಜಾರುತ್ತೆ.” ಮಾತಾಡುತ್ತಲೇ ಅವಳು ಬಾಗಿಲಿನಾಚೆ ನೋಡಿದಳು. “ಅಕ್ಕ, ಸ್ವಲ್ಪ ಇಲ್ಲಿ ಬರ್ತೀರಾ? ನಿಮ್ಮ ಕಾಲಿಗೆ ಏನಾಗಿದ್ದು?”

ಸಲೋಮತ್ ನಕ್ಕಳು. “ನಂದು ಬಿದ್ದಿದ್ದು, ಡಾಕ್ಟ್ರೇ. ಚಿಕ್ಕೋಳಿದ್ದಾಗ ಮದುವೆಮನೇಲಿ ಎತ್ತಿಕೊಂಡಿದ್ದೋರು ಜಾರಿಬಿದ್ರು.”

“ಮಲಕ್ಕೊಳ್ಳಿ, ನೋಡೋಣ.”

ಸಲೋಮತಳದೂ ಚಿತ್ರ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದಳು, ಪಕ್ಕದಲ್ಲಿ ಕೂಸಿನದನ್ನೂ ಹಿಡಿದಳು. ಒಂದು ದೊಡ್ಡದು, ಒಂದು ಚಿಕ್ಕದು. ಎರಡರಲ್ಲೂ ಎಡಗಡೆಯ ಮೂಳೆಯ ಗುಂಡು ತನ್ನ ಗೂಡು ಬಿಟ್ಟು ಮೇಲೆಲ್ಲೋ ನಿಂತಿತ್ತು.

“ಬಿದ್ದದ್ದಲ್ಲಕ್ಕ ಇದು. ಮುರಿದ ಗುರುತೇ ಇಲ್ಲ. ಈ ಪಾಪಂಗೆ ಇರೋದೇ ನಿಮಗೂ ಇತ್ತು. ಆಗ ಯಾರೂ ನೋಡ್ಲಿಲ್ಲ.”

ಸಲೋಮತಳ ಮುಖದ ನಗು ಇನ್ನೂ ಹೋಗಿರಲಿಲ್ಲ. ಅದಕ್ಕೆ ಹೋಗಬೇಕೆಂದು ಗೊತ್ತಾಗಿರಲಿಲ್ಲ. ಹಾಗೆಯೇ ಎದ್ದು ಕೂತು ಕಾಲುಚೀಲ ಏರಿಸಿಕೊಂಡಳು.

ಬರುವಾಗ ಬಾಡಿಗೆಯ ಕಾರಿನಲ್ಲಿ ನಾಲ್ವರೂ ಒತ್ತಿಕೊಂಡು ಕೂತಿದ್ದರು. ದಾರಿಯ ಎರಡೂ ಕಡೆ ಹಿಪ್ಪುನೇರಳೆ ಮರಗಳನ್ನು ರೇಷ್ಮೆಹುಳುವಿಗೆಂದು ಬೋಳಿಸಿದ್ದರು. ಊರು ಹತ್ತಿರ ಬಂದಾಗ ಸಲೋಮತ್ ಮಾತಾಡಿದಳು.

“ಅಮ್ಮಾ, ನನ್ನ ತೊಟ್ಟಿಲು ಕಟ್ಟಿದ್ದು ಯಾರು?”

“ನಾನು.”

“ದಿನಾ?”

“ದಿನಾ. ನಾನೇ.”

ಆಮೇಲೆ ಸಲೋಮತ್ ತಾಯಿಯೊಡನೆ ಮಾತಾಡಲಿಲ್ಲ.

ಕೂಗಾಡಿದ್ದರೆ ತೊಖ್ತಾಬಿಬಿಗೆ ಹಗುರವಾಗುತ್ತಿತ್ತು. ಸಲೋಮತ್ ಕೂಗಲಿಲ್ಲ. ತನ್ನ ಊಟದ ಬಟ್ಟಲು ತೆಗೆದುಕೊಂಡು ಹೊಲಿಗೆಯ ಕೋಣೆಗೆ ಹೋದಳು. ಅಲ್ಲಿಯೇ ಉಂಡಳು, ಅಲ್ಲಿಯೇ ಮಲಗಿದಳು. ಕೂಸನ್ನು ಎತ್ತಿಕೊಳ್ಳಲು ಮಾತ್ರ ಅಂಗಳಕ್ಕೆ ಬರುತ್ತಿದ್ದಳು. ಕಪ್ಪೆಯ ಹಾಗೆ ಕಾಲಗಲಿಸಿಕೊಂಡು ಪಟ್ಟಿಯೊಳಗಿದ್ದ ಓಯ್ದಿನ್ ಜೊತೆ ಮಾತಾಡುತ್ತಿದ್ದಳು. “ಏನೇ ಕಪ್ಪೆಮರಿ, ನಿಮ್ಮಜ್ಜಿಗೆ ಹೇಳು, ಸೂಜಿ ಮುಗಿದಿದೆ ಅಂತ.” ತೊಖ್ತಾಬಿಬಿ ಸಂತೆಗೆ ಹೋಗಿ ಸೂಜಿ ತಂದು ಕೋಣೆಯ ಹೊಸಲಿನ ಮೇಲಿಡುತ್ತಿದ್ದಳು. ಸೂಜಿ ಒಳಗೆ ಹೋಗುತ್ತಿತ್ತು, ಬಾಗಿಲು ಮುಚ್ಚುತ್ತಿತ್ತು.

ಎರಡು ಶುಕ್ರವಾರ ಪುಲಾವ್ ಮಾಡಿದರು. ಎರಡು ಸಲವೂ ಮೂರು ಜನ ಒಂದು ತಟ್ಟೆಯ ಸುತ್ತ ಕೂತು, ನಾಲ್ಕನೆಯವಳ ಕಡೆಯ ಅನ್ನವನ್ನು ಮುಟ್ಟದೆ ಉಳಿಸಿದರು.

ಅಬ್ರೋರ್‌ಗೆ ತಡೆಯಲಾಗಲಿಲ್ಲ. ಹೆಂಡತಿಯ ಮೇಲೆ ಎಗರಿದ. “ಸಂತೋಷ ಆಯ್ತಾ ಈಗ? ಮನೆ ಎರಡಾಯ್ತು. ಆ ಹಳೇ ಪುಸ್ತಕ ಸಂತೇಲೇ ಕೊಳೀತಿದ್ರೆ ಏನಾಗ್ತಿತ್ತು?”

“ನಿಮ್ಮ ಮಗಳು ನಾಳೆ ಅಂಗಳ ದಾಟಿ ಚಹಾ ತರೋವಾಗ ಬಂದೋರು ಎದ್ದು ಹೋಗ್ತಿದ್ರು” ಅಂದಳು ದಿಲ್‌ರಬೊ.

ಅಬ್ರೋರ್ ಕೈ ಎತ್ತಲಿಲ್ಲ, ಆದರೆ ಕೈಯಲ್ಲಿದ್ದ ಚಹಾ ಬಟ್ಟಲನ್ನು ಎತ್ತಿ ಅಂಗಳದಂಚಿನ ಕಾಲುವೆಗೆ ಎಸೆದ.

“ಅವಳ ಮೇಲೆ ಕೂಗ್ಬೇಡ” ಅಂದಳು ತೊಖ್ತಾಬಿಬಿ. “ಬಟ್ಟಲೂ ಒಡೀಬೇಡ. ಎಸೀಬೇಕಾಗಿರೋದು ಅದಲ್ಲ.”

ಮಗ ಹೋದ ಮೇಲೆ ಅವಳು ಸೊಸೆಯ ಪಕ್ಕದಲ್ಲಿ ಬಂದು ಕೂತಳು. ದಿಲ್‌ರಬೊ ಸಮೋಸಕ್ಕೆ ಸೊಪ್ಪು ಹೆಚ್ಚುತ್ತಿದ್ದಳು.

“ಆ ಪುಟ ಓದು.”

“ಈಗಲಾ ಅಮ್ಮಾ?”

“ಸೊಪ್ಪು ನಾನು ಹೆಚ್ತೀನಿ. ಓದು.”

ದಿಲ್‌ರಬೊ ಕೈ ಒರೆಸಿಕೊಂಡು ಪುಸ್ತಕ ತಂದಳು. ನಿಧಾನವಾಗಿ ಓದಿದಳು. ತೊಖ್ತಾಬಿಬಿ ಸೊಪ್ಪಿನಿಂದ ಕಣ್ಣೆತ್ತದೆ, “ಇನ್ನೊಂದ್ಸಲ” ಅಂದಳು. ಮತ್ತೊಮ್ಮೆ ಕೇಳಿದ ಮೇಲೆ ಚಾಕು ಕೆಳಗಿಟ್ಟಳು.

“ವಸಂತದಲ್ಲಿ ಧೂಪ ಹಾಕಿಕೊಂಡು ಮನೆಮನೆಗೆ ಬರ್ತಾರಲ್ಲ ಅಲೆಮಾರಿ ಹೆಂಗಸರು, ಅವರಿಗೆ ತೊಟ್ಟಿಲೇ ಇಲ್ಲ. ಕೂಸನ್ನ ಕಾಲಗಲಿಸಿ ಸೊಂಟದ ಮೇಲೆ ಕೂರಿಸಿಕೊಂಡು ಊರೂರು ತಿರುಗ್ತಾರೆ. ಒಂದೂ ಕುಂಟಿದ್ದು ನಾನು ಕಂಡಿಲ್ಲ. ಪಾಪ, ಗತಿಯಿಲ್ಲದ ಜನ, ತೊಟ್ಟಿಲೂ ಇಲ್ಲ ಅಂತ ನಾನೇ ರೊಟ್ಟಿ ಕೊಟ್ಟು ಕನಿಕರ ಪಡ್ತಿದ್ದೆ. ಇದು ನಿನ್ನ ಪುಸ್ತಕದಲ್ಲಿದೆಯಾ?”

“ಇಲ್ಲಮ್ಮ.”

“ನನ್ನ ಕಣ್ಣಲ್ಲಿತ್ತು. ಕಣ್ಣಲ್ಲಿದ್ದದ್ದು ತಲೆಗೆ ಹೋಗ್ಲಿಲ್ಲ.”

ಅಷ್ಟರಲ್ಲಿ ಅಂಗಳದ ಬಾಗಿಲು ಸದ್ದಾಯಿತು. ಬಸೋರತ್! ತಲೆಯ ಮೇಲೆ ಹಣ್ಣಿನ ತಟ್ಟೆ, ಮುಖದ ತುಂಬ ಬೆವರು, ನಗು.

“ಭಾನುವಾರ ನಮ್ಮನೇಲಿ ತೊಟ್ಟಿಲು ಕಟ್ಟೋದು! ಮೊದಲ ಮೊಮ್ಮಗ ಕಣೇ. ನಿನ್ನ ಪಟ್ಟಿ ತಗೊಂಡು ಬೆಳಿಗ್ಗೇನೇ ಬಾ. ಆ ಸೊಸೆಯಂದಿರು ಏನೇನೋ ಅಂದ್ಕೊಳ್ಲಿ, ನನಗೆ ನಿನ್ನ ಕೈಯೇ ಆಗ್ಬೇಕು.” ಹಿಪ್ಪುನೇರಳೆಯ ಒಂದು ಬಟ್ಟಲನ್ನು ಬೇರೆ ತೆಗೆದು ದನಿ ತಗ್ಗಿಸಿದಳು. “ಇದು ಸಲೋಮತಂಗೆ. ಮರದ ಮೊದಲ ಹಣ್ಣು.”

ತೊಖ್ತಾಬಿಬಿ ಬಾಯಿ ತೆರೆದಳು. ಬಸೋರತಳ ಕೈ ಆ ಬಟ್ಟಲನ್ನು ಹಿಡಿದಿದ್ದ ರೀತಿ ಕಂಡು ಬಾಯಿ ಹಾಗೇ ಮುಚ್ಚಿತು. ಹರೆಯದಲ್ಲೂ ಹೀಗೇ ಹಿಡಿಯುತ್ತಿದ್ದಳು, ಎರಡೂ ಕೈಯಲ್ಲಿ, ಸಾಲ ತೀರಿಸುವವಳ ಹಾಗೆ.

ಅವಳು ಹೋದ ಮೇಲೆ ದಿಲ್‌ರಬೊ ಅಂದಳು: “ಹೇಳಿಬಿಡ್ಬೇಕಿತ್ತು ಅಮ್ಮಾ.”

“ಓಣಿಯೆಲ್ಲ ಸೇರಿದ ಮದುವೇಲಿ ನಾನು ಅವಳನ್ನ ಬೈದಿದ್ದು. ಬಾಗಿಲ ಸಂದೀಲಿ ನಿಂತು ಈಗ ಪಿಸುಗುಟ್ಟಲಾ?”

ಶನಿವಾರ ಸಂಜೆ ತೊಖ್ತಾಬಿಬಿ ಪೆಟ್ಟಿಗೆ ತೆರೆದಳು. ಕೈಪಟ್ಟಿ ಇತ್ತು. ಕಾಲುಪಟ್ಟಿ ಇರಲಿಲ್ಲ. ಪೆಟ್ಟಿಗೆಯನ್ನೆಲ್ಲ ಬರಿದು ಮಾಡಿದಳು, ಹಾಸಿಗೆಗಳ ರಾಶಿ ಕೆಡವಿದಳು. ದಿಲ್‌ರಬೊಳನ್ನು ಕೇಳಿದಳು, ಅವಳಿಗೆ ಗೊತ್ತಿರಲಿಲ್ಲ. ಹೊಲಿಗೆಯ ಕೋಣೆಯ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತಳು. ಒಳಗೆ ಕತ್ತರಿಯ ಸದ್ದು. ಬಾಗಿಲು ತಟ್ಟಲಿಲ್ಲ.

ಬಸೋರತಳ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯುದ್ದಕ್ಕೂ ಹೆಂಗಸರು, ನಡುವೆ ಹಾಸಿದ ಬಟ್ಟೆಯ ಮೇಲೆ ಹಲ್ವಾ, ಒಣದ್ರಾಕ್ಷಿ, ರೊಟ್ಟಿಯ ರಾಶಿ. ಮಕ್ಕಳು ತೊಟ್ಟಿಲ ಮೇಲೆ ಎರಚುವ ಮಿಠಾಯಿಗಾಗಿ ಹೊಂಚುಹಾಕಿದ್ದರು. ಎಳೆಯ ಸೊಸೆಯಂದಿರು ಒಂದು ಮೂಲೆಯಲ್ಲಿ ಒತ್ತಾಗಿ ಕೂತಿದ್ದರು. ದಿಲ್‌ರಬೊ ಓಯ್ದಿನ್‌ಳನ್ನು ಪಟ್ಟಿಯ ಸಮೇತ ತೊಡೆಯ ಮೇಲಿಟ್ಟುಕೊಂಡಿದ್ದಳು. ಅದನ್ನು ನೋಡಿ, “ಅಯ್ಯೋ, ಇದೇನು ಕುದುರೆಗೆ ಜೀನು ಹಾಕಿದ ಹಾಗೆ!” ಅಂದಳು ಒಬ್ಬ ಮುದುಕಿ. ಕೆಲವರು ನಕ್ಕರು.

ಕೂಸನ್ನು ತಂದು ತೊಖ್ತಾಬಿಬಿಯ ಕೈಗಿಟ್ಟರು. ಬೆಣ್ಣೆಯ ಉಂಡೆಯಂಥ ಗಂಡು. ಅವಳ ಕೈ ತಣ್ಣಗಿತ್ತು. ಪದ್ಧತಿಯಂತೆ ಮೊದಲು ಕೂಸನ್ನು ತಲೆಕೆಳಗಾಗಿ, ಕಾಲು ಬರುವ ಕಡೆ ತಲೆಯಿಟ್ಟು ಮಲಗಿಸಿದಳು.

“ಹೀಗಾ?”

“ಅಲ್ಲ ಅಲ್ಲ!” ಎಂದು ಹೆಂಗಸರು ಒಟ್ಟಿಗೆ ಕೂಗಿದರು. ಮಕ್ಕಳು ಕೇಕೆ ಹಾಕಿದರು.

ತೊಖ್ತಾಬಿಬಿ ಕೂಸನ್ನು ಎತ್ತಿ ಅಡ್ಡಡ್ಡ ಇಟ್ಟಳು. “ಹೀಗಾ?”

“ಅಲ್ಲ ಅಲ್ಲ!”

“ತಾತನ ಹಾಗೆ ಎಡವಟ್ಟು!” ಯಾರೋ ಅಂದರು. ನಗೆ ಎದ್ದಿತು. ಬಸೋರತ್ ಮಿಠಾಯಿಯ ತಟ್ಟೆ ಹಿಡಿದು, ಎರಚಲು ಕೈ ಮೇಲೆತ್ತಿ ನಿಂತಿದ್ದಳು.

ಮೂರನೆಯ ಸಲ ತೊಖ್ತಾಬಿಬಿ ಕೂಸನ್ನು ಸರಿಯಾಗಿ ಮಲಗಿಸಿದಳು. ತಲೆ ತಲೆಯ ಕಡೆ. ಕೈ ಪಕ್ಕಕ್ಕೆ. ಎರಡು ಕಾಲನ್ನೂ ನೆಟ್ಟಗೆ ಜೋಡಿಸಿ ಅಂಗೈಯಿಂದ ಒತ್ತಿ ಹಿಡಿದಳು, ಯಾವಾಗಲೂ ಹಿಡಿಯುವ ಹಾಗೆ.

“ಹೀಗಾ?”

“ಹೌದೂ!” ಎಂದಿತು ಇಡೀ ಮನೆ.

“ಅಲ್ಲ” ಅಂದಳು ತೊಖ್ತಾಬಿಬಿ.

ಕೆಲವರು ನಕ್ಕರು, ಆಟ ಇನ್ನೂ ಮುಗಿದಿಲ್ಲವೆಂದುಕೊಂಡು. ಅವಳ ಮುಖ ಕಂಡು ನಗು ನಿಂತಿತು.

“ಅಲ್ಲ. ಹೀಗಲ್ಲ. ಇಷ್ಟು ವರ್ಷ ನಾನು ಹೀಗಾ ಅಂತ ಕೇಳ್ತಿದ್ದೆ, ನೀವು ಹೌದು ಅಂತಿದ್ರಿ. ಇಬ್ಬರಿಗೂ ಗೊತ್ತಿರ್ಲಿಲ್ಲ. ನನ್ನ ಸೊಸೆ ಓದಿ ಹೇಳಿದ್ಳು. ನಾನು ಅವಳನ್ನ ಕಳ್ಳಿ ಅಂದೆ. ಡಾಕ್ಟರು ನನ್ನ ಕಣ್ಣೆದುರಿಗೆ ಎರಡು ಚಿತ್ರ ಹಿಡಿದ್ರು.” ಮಿಠಾಯಿಯ ತಟ್ಟೆ ಹಿಡಿದವಳ ಕಡೆ ತಿರುಗಿದಳು. “ಬಸೋರತ್.”

“ಏನೇ?” ಬಸೋರತಳ ಕೈ ಇನ್ನೂ ಮೇಲೇ ಇತ್ತು.

“ನೀನು ಬಿದ್ದಿದ್ರಿಂದ ಏನೂ ಆಗಿಲ್ಲ. ನನ್ನ ಮಗಳ ಕಾಲು ನೀನು ಎತ್ಕೊಳ್ಳೋಕ್ಕೆ ಮುಂಚೇನೇ ಜಾರಿತ್ತು. ಜಾರಿಸಿದ್ದು ಈ ಕೈ.”

ತಟ್ಟೆ ಬಿತ್ತು. ಮಿಠಾಯಿ ಕೋಣೆಯ ಮೂಲೆಮೂಲೆಗೂ ಉರುಳಿದವು. ಒಂದು ಮಗುವೂ ಹೆಕ್ಕಲಿಲ್ಲ. ಬಸೋರತ್ ನಿಂತಲ್ಲೇ ಕುಸಿದು ಕೂತು, ತಲೆವಸ್ತ್ರದ ಅಂಚಿನಲ್ಲಿ ಮುಖ ಮುಚ್ಚಿಕೊಂಡಳು. “ಇಷ್ಟು ವರ್ಷ” ಅಂದಳು. “ನಾನು ನನ್ನ ಮಕ್ಕಳನ್ನೂ ಎತ್ಕೊಂಡು ಕುಣೀಲಿಲ್ಲ ಕಣೇ. ಒಂದು ಮದುವೇಲೂ ಕುಣೀಲಿಲ್ಲ.”

ತೊಟ್ಟಿಲಲ್ಲಿ ಕೂಸು ಅಳತೊಡಗಿತು. ತೊಖ್ತಾಬಿಬಿ ಒತ್ತಿ ಹಿಡಿದಿದ್ದ ಅಂಗೈ ತೆಗೆದಳು. ಕಾಲುಗಳು ತಾವಾಗಿಯೇ ಮಡಿಚಿ ಅಗಲವಾದವು. ಮುಂದೇನು ಮಾಡಬೇಕೆಂದು, ಜೀವಮಾನದಲ್ಲಿ ಮೊದಲ ಸಲ, ಆ ಕೈಗೆ ತಿಳಿಯಲಿಲ್ಲ.

ಆಗ ಬಾಗಿಲ ಬಳಿ ಹೆಂಗಸರು ಸರಿದು ದಾರಿ ಬಿಟ್ಟರು. ಸಲೋಮತ್ ಹೊಸಲಿನ ಮೇಲೆ ನಿಂತಿದ್ದಳು. ಮದುವೆ, ಹಬ್ಬ ಯಾವುದಕ್ಕೂ ಬಾರದವಳು. ಅಷ್ಟು ಜನರ ಕಣ್ಣೆದುರು ನಡೆಯುವುದು ಬೇಡವೆಂದು ಹೊಲಿದ ಹಾಸಿಗೆಗಳನ್ನು ಬೇರೆಯವರ ಕೈಲಿ ಕಳಿಸುವವಳು. ಈಗ ಆ ಕೋಣೆಯ ಉದ್ದಕ್ಕೂ, ಉರುಳಿದ ಮಿಠಾಯಿಗಳ ನಡುವೆ, ಬೀಳುತ್ತ ಏಳುತ್ತ ನಡೆದು ಬಂದಳು. ಯಾರೂ ಕಣ್ಣು ಬೇರೆಡೆ ತಿರುಗಿಸಲಿಲ್ಲ. ಬಸೋರತಳ ಬಳಿ ಬಂದಾಗ ಒಂದು ಗಳಿಗೆ ನಿಂತು ಅವಳ ತಲೆಯ ಮೇಲೆ ಕೈಯಿಟ್ಟಳು.

ಅವಳ ಇನ್ನೊಂದು ಕೈಯಲ್ಲಿ ಕೆಂಪು ಮಖಮಲ್ಲಿನ ಅಗಲವಾದ ಮೆತ್ತನೆಯ ಗಾದಿಯೊಂದಿತ್ತು. ಕಾಲುಪಟ್ಟಿಯನ್ನು ಬಿಚ್ಚಿ, ಹತ್ತಿ ಹಿಂಜಿ, ಹೊಸದಾಗಿ ಹೊಲಿದದ್ದು. ತೊಟ್ಟಿಲ ಪಕ್ಕ ಕಷ್ಟಪಟ್ಟು ಕೂತು, ಒಂದು ಕಾಲು ಮಡಿಸಿ ಒಂದು ಕಾಲು ಚಾಚಿ, ಆ ಗಾದಿಯನ್ನು ತಾಯಿಯ ಕೈಗೆ ನೀಡಿದಳು.

ತೊಖ್ತಾಬಿಬಿ ಗಾದಿಯನ್ನು ಕೂಸಿನ ಎರಡು ತೊಡೆಯ ನಡುವೆ ಇಟ್ಟಳು. ಕೈಪಟ್ಟಿಯನ್ನು ಸಡಿಲವಾಗಿ ಕಟ್ಟಿದಳು. ಕಾಲು ಕಟ್ಟಲಿಲ್ಲ. ಕೂಸು ಒಮ್ಮೆ ಬಿಕ್ಕಿ, ಗಾಳಿಯನ್ನೊಮ್ಮೆ ಒದ್ದು, ಸುಮ್ಮನಾಯಿತು.

“ಹೀಗಾ?” ಎಂದು ಕೇಳಿದಳು. ದನಿ ಹೊರಟಿತೋ ಇಲ್ಲವೋ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲ್ಕನೆಯ ಸಲ ಯಾರೂ ಯಾವತ್ತೂ ಕೇಳಿರಲಿಲ್ಲ.

“ಹೌದಮ್ಮ” ಅಂದಳು ಸಲೋಮತ್. “ಹೀಗೆ.”